ಮೇ ತಿಂಗಳ ಶಿಬಿರದ ಅಣ್ಣ-ಅಕ್ಕಂದಿರು

ಮುಂಬೈ ಕನ್ನಡಿಗರ ಚರಿತ್ರೆಯನ್ನು ಯಾರಾದರೂ ಪ್ರಾಮಾಣಿಕವಾಗಿ ಬರೆಯಹೊರಟರೆ, ತಟ್ಟೆ-ಲೋಟ ತೊಳೆಯುವ ಕೆಲಸಕ್ಕೆ ಅದರಲ್ಲಿ ಒಂದು ಅಧ್ಯಾಯವನ್ನೇ ಕೊಡಬೇಕಾದೀತು. ಕರಾವಳಿಯ ಹಳ್ಳಿಗಳಿಂದ ಹನ್ನೆರಡು-ಹದಿಮೂರು ವರ್ಷಕ್ಕೇ ಹೊರಟು ಬಂದ ಹುಡುಗರು ಇಲ್ಲಿನ ಹೋಟೆಲು, ಕ್ಯಾಂಟೀನುಗಳಲ್ಲಿ ಮೊದಲು ಹಿಡಿದದ್ದು ಮೇಜು ಒರೆಸುವ ಒದ್ದೆ ಬಟ್ಟೆ, ಆಮೇಲೆ ಟ್ರೇ, ಅದೃಷ್ಟ ಇದ್ದವರಿಗೆ ಕೊನೆಗೆ ಗಲ್ಲಾಪೆಟ್ಟಿಗೆ. ಹಗಲು ಎಂಜಲು ಎತ್ತಿ, ರಾತ್ರಿ ಫೋರ್ಟ್ ಕಡೆಯ ಕನ್ನಡ ರಾತ್ರಿಶಾಲೆಗಳಲ್ಲಿ ಕುಳಿತು ಎಸ್.ಎಸ್.ಸಿ. ಪಾಸು ಮಾಡಿ, ಮುಂದೆ ವಕೀಲರೋ ಗುಮಾಸ್ತರೋ ಹೋಟೆಲ್ ಮಾಲಕರೋ ಆದವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ಹಾಗೆ ಮೇಲೆ ಬಂದವರ ಮನೆಯಲ್ಲಿ ತಟ್ಟೆ ತೊಳೆಯುವುದು ಬರಿಯ ಮನೆಗೆಲಸ ಅಲ್ಲ, ಅದಕ್ಕೆ ಬೇರೆಯೇ ಒಂದು ನೆನಪು ಅಂಟಿಕೊಂಡಿರುತ್ತದೆ.

ಇದನ್ನು ಮೊದಲೇ ಹೇಳಲು ಕಾರಣ ಉಂಟು. ನಾನು ಬರೆಯಹೊರಟಿರುವುದು ಚರ್ಚುಗಳ ಬೇಸಿಗೆ ಶಿಬಿರದಲ್ಲಿ ಬಡಿಸುವ, ತೊಳೆಯುವ, ಗುಡಿಸುವ ಹದಿಹರೆಯದ ಮಕ್ಕಳ ಬಗ್ಗೆ. ಸಂಬಳ ಇಲ್ಲದೆ, ಒತ್ತಾಯವೂ ಇಲ್ಲದೆ, ರಜೆಯ ಒಂದು ವಾರವನ್ನು ಬೇರೆಯವರ ಮಕ್ಕಳಿಗೆ ಅನ್ನ ಬಡಿಸುವುದಕ್ಕೆ ಕೊಡುವ ಈ ಪದ್ಧತಿ ಎಲ್ಲಿಂದ ಬಂತು, ಮುಂಬೈಯಂಥ ಊರಿನಲ್ಲಿ ನಮ್ಮ ಕನ್ನಡದ ಮಕ್ಕಳಿಗೆ ಅದು ಏನು ಮಾಡಿತು ಎಂಬುದು ನನ್ನ ವಿಷಯ.

ನಾನು ಮಂಗಳೂರಿನ ಬಾಸೆಲ್ ಮಿಶನ್ ಮೂಲದ ಕುಟುಂಬದವನು. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಇದ್ದವರು. ನಾನು ಎಂ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿ, ಹೈದರಾಬಾದು, ಮದ್ರಾಸು ಸುತ್ತಿ 1991ರಲ್ಲಿ ವರ್ಗವಾಗಿ ಇಲ್ಲಿಗೆ ಬಂದಾಗ ಈ ಊರು ಇನ್ನೂ ಬೊಂಬಾಯಿ. ಇಲ್ಲಿನ ಒಂದು ಕನ್ನಡ ಸಭೆಗೆ ಸೇರಿಕೊಂಡೆ. ಸಭೆ ಎಂದರೆ ಮೀಟಿಂಗು ಅಲ್ಲ. ಒಂದು ಚರ್ಚಿಗೆ ಸೇರಿದ ಜನರ ಒಟ್ಟು ಕೂಟಕ್ಕೆ ನಮ್ಮಲ್ಲಿ ಸಭೆ ಎನ್ನುತ್ತಾರೆ. ಬ್ಯಾಂಕಿನವನು ಎಂಬ ಒಂದೇ ಕಾರಣಕ್ಕೆ ಎರಡನೆಯ ವರ್ಷವೇ ಮಕ್ಕಳ ಶಿಬಿರದ ಲೆಕ್ಕಪತ್ರ ನನ್ನ ತಲೆಗೆ ಬಂತು. ಸುಮಾರು ಇಪ್ಪತ್ತು ವರ್ಷ ಅದನ್ನು ಬರೆದೆ.

ಶಿಬಿರ ಐದು ದಿನದ್ದು. ಮೇ ಮೊದಲ ಅಥವಾ ಎರಡನೆಯ ವಾರ, ಘಟ್ಟದ ಮೇಲೆ ಲೋಣಾವಳಾ-ಖಂಡಾಳಾ ಕಡೆ ಬಾಡಿಗೆಗೆ ಸಿಗುವ ಒಂದು ಕಟ್ಟಡ. ಎಂಟರಿಂದ ಹದಿಮೂರು ವರ್ಷದ ಅರವತ್ತು-ಎಪ್ಪತ್ತು ಮಕ್ಕಳು. ಹಾಡು, ಸತ್ಯವೇದದ ಕಥೆ, ಆಟ, ಚಿತ್ರ, ಕೊನೆಯ ರಾತ್ರಿ ಒಂದು ಸಣ್ಣ ನಾಟಕ. ಇವರನ್ನು ನೋಡಿಕೊಳ್ಳಲು ಹದಿನಾಲ್ಕರಿಂದ ಹದಿನೆಂಟರ ನಡುವಿನ ಹದಿನೈದು ಹುಡುಗ-ಹುಡುಗಿಯರು. ಅವರು ಬೆಳಿಗ್ಗೆ ಐದೂವರೆಗೆ ಎದ್ದು ಹಂಡೆಗೆ ನೀರು ತುಂಬಿಸಬೇಕು, ಚಹಾ ಹಂಚಬೇಕು, ಚಾಪೆ ಮಡಿಸಬೇಕು, ಈರುಳ್ಳಿ ಹೆಚ್ಚಬೇಕು, ಮೂರು ಹೊತ್ತು ಬಡಿಸಿ ಪಾತ್ರೆ ತೊಳೆಯಬೇಕು. ರಾತ್ರಿ ಅಮ್ಮನ ನೆನಪಾಗಿ ಅಳುವ ಮಗುವಿನ ಪಕ್ಕ ಕೂರಬೇಕು, ಟಾರ್ಚು ಹಿಡಿದು ಕಕ್ಕಸಿನ ತನಕ ಜೊತೆಗೆ ಹೋಗಬೇಕು. ಇವರಿಗೆ ಇಂಗ್ಲಿಷಿನಲ್ಲಿ ವಾಲಂಟಿಯರ್ ಎಂಬ ಹೆಸರಿದ್ದರೂ ಸಣ್ಣವರ ಬಾಯಲ್ಲಿ ಅಣ್ಣ, ಅಕ್ಕ ಎಂದೇ.

ಒಂದು ವರ್ಷ, 1996 ಇರಬೇಕು, ವಾಲಂಟಿಯರುಗಳ ಪಟ್ಟಿ ಮಾಡುವಾಗ ನಮ್ಮ ಸಭೆಯ ಒಬ್ಬರು ನನ್ನ ಹತ್ತಿರ ಬಂದರು. ಸ್ವಂತ ಕ್ಯಾಂಟೀನು ಇದ್ದವರು, ಉದಾರಿ. ಮಗ ಆಗ ಒಂಬತ್ತನೆಯ ಕ್ಲಾಸು ಮುಗಿಸಿದ್ದ. "ಸಾರ್, ನಾನು ಹದಿಮೂರು ವರ್ಷಕ್ಕೆ ಈ ಊರಿಗೆ ಬಂದವ. ಆರು ವರ್ಷ ಕಂಡವರ ಮುಸುರೆ ತಿಕ್ಕಿದ್ದೇನೆ. ನನ್ನ ಮಗ ಅದನ್ನು ಮಾಡುವುದು ಬೇಡ ಅಂತಲೇ ಇಷ್ಟೆಲ್ಲ ಕಷ್ಟಪಟ್ಟದ್ದು. ಎಷ್ಟು ದುಡ್ಡು ಬೇಕು ಹೇಳಿ, ನಾನು ಕೊಡ್ತೇನೆ, ಎರಡು ಆಳು ಇಡಿ," ಎಂದರು. ಅವರ ಮಾತಿನಲ್ಲಿ ಜಂಬ ಇರಲಿಲ್ಲ, ನೋವಿತ್ತು. ಥಟ್ಟನೆ ಉತ್ತರ ಹೇಳುವಂಥ ಪ್ರಶ್ನೆಯೂ ಅದಾಗಿರಲಿಲ್ಲ. ಈ ಪದ್ಧತಿಯ ಮೂಲ ಹುಡುಕಿಕೊಂಡು ನಾನು ಓದತೊಡಗಿದ್ದು ಅಲ್ಲಿಂದ.

ಮೂಲ ಬಹಳ ಹಿಂದಕ್ಕೆ ಹೋಗುತ್ತದೆ. ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು ಎಂಬ ಭಾಗದ 6ನೆಯ ಅಧ್ಯಾಯದಲ್ಲಿ ಊಟದ ವಿಷಯದ ಒಂದು ತಕರಾರು ಬರುತ್ತದೆ. ಯೆರೂಸಲೇಮಿನ ಮೊದಲ ಕ್ರೈಸ್ತರು ದಿನದಿನವೂ ವಿಧವೆಯರಿಗೆ ಆಹಾರ ಹಂಚುತ್ತಿದ್ದರು. ಅಲ್ಲಿ ಎರಡು ಭಾಷೆಯವರಿದ್ದರು: ಊರಿನ ಭಾಷೆಯವರು ಮತ್ತು ಗ್ರೀಕ್ ಮಾತಾಡುವವರು. ಹಂಚುವಾಗ ನಮ್ಮ ವಿಧವೆಯರನ್ನು ಬಿಟ್ಟುಬಿಡುತ್ತಾರೆ ಎಂದು ಗ್ರೀಕ್ ಮಾತಿನವರು ದೂರಿದರು. ಹೊರನಾಡಿನಲ್ಲಿ ಬದುಕುವ ನಮಗೆ ಈ ದೂರು ಚೆನ್ನಾಗಿ ಅರ್ಥವಾಗುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರ ಏನೆಂದರೆ, ಪಂಕ್ತಿಯ ಉಸ್ತುವಾರಿಗೆಂದೇ ಏಳು ಮಂದಿಯನ್ನು ಆರಿಸಿದ್ದು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ದೂರು ಕೊಟ್ಟವರ ಕಡೆಯವರ ಕೈಗೇ ಸೌಟು ಬಂತು. ಚರ್ಚಿನಲ್ಲಿ ಡೀಕನ್ ಎಂಬ ಪದವಿಗೆ ಸಂಪ್ರದಾಯ ಗುರುತಿಸುವ ಮೂಲ ಇದು. ಗ್ರೀಕಿನಲ್ಲಿ ಆ ಪದದ ಅರ್ಥ ಸೇವಕ, ಊಟಕ್ಕೆ ಬಡಿಸುವವ. ಬಡಿಸುವ ಕೆಲಸ ಗೌರವದ ಹುದ್ದೆಯ ಹೆಸರಾದದ್ದು ಹೀಗೆ.

ಆದರೆ ಆ ಏಳು ಮಂದಿ ದೊಡ್ಡವರು. ದೊಡ್ಡ ಮಕ್ಕಳು ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಎಲ್ಲಿಂದ ಬಂತು? ಅದಕ್ಕೆ ಉತ್ತರ ಸಿಕ್ಕಿದ್ದು, ಆಶ್ಚರ್ಯವೆಂದರೆ, ನಾನು ಮೂರು ವರ್ಷ ದಿನಾ ಲೋಕಲ್ ಟ್ರೇನು ಹಿಡಿಯುತ್ತಿದ್ದ ಮದ್ರಾಸಿನ ಎಗ್ಮೋರಿನಲ್ಲಿ!

ಸ್ಕಾಟ್ಲೆಂಡಿನ ಆಂಡ್ರ್ಯೂ ಬೆಲ್ ಎಂಬ ಪಾದ್ರಿ 1787ರಲ್ಲಿ ಭಾರತಕ್ಕೆ ಬಂದವರು. 1789ರಲ್ಲಿ ಎಗ್ಮೋರಿನಲ್ಲಿ ಶುರುವಾದ, ಸಿಪಾಯಿಗಳ ಅನಾಥ ಗಂಡುಮಕ್ಕಳ ಆಶ್ರಮದ ಮೇಲ್ವಿಚಾರಣೆ ಅವರದಾಯಿತು. ಅಲ್ಲಿ ಕಲಿಸಲು ಇದ್ದ ದೊಡ್ಡ ಮೇಷ್ಟ್ರುಗಳಿಗೆ ಹೊಸದೇನನ್ನೂ ಮಾಡುವ ಮನಸ್ಸಿರಲಿಲ್ಲ. ಒಂದು ದಿನ ಬೆಲ್ ಸ್ಥಳೀಯರ ಜಗಲಿ ಶಾಲೆಯೊಂದನ್ನು ನೋಡಿದರು. ಮಕ್ಕಳು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಬೆಲ್ ಅದನ್ನೇ ತಮ್ಮ ಶಾಲೆಗೆ ತಂದರು. ಮೇಷ್ಟ್ರುಗಳು ಒಪ್ಪದಿದ್ದಾಗ ಅಕ್ಷರ ಕಲಿಸುವ ಕೆಲಸವನ್ನು ಜಾನ್ ಫ್ರಿಸ್ಕನ್ ಎಂಬ, ಒಬ್ಬ ಸಾಮಾನ್ಯ ಸಿಪಾಯಿಯ ಎಂಟು ವರ್ಷದ ಮಗನಿಗೆ ಒಪ್ಪಿಸಿದರು. ಹುಡುಗ ಅದನ್ನು ಚೆನ್ನಾಗಿಯೇ ಮಾಡಿದ. ಕ್ರಮೇಣ ಇಡೀ ಶಾಲೆಯೇ ಹಾಗೆ ನಡೆಯಿತು: ಬಲ್ಲ ಹುಡುಗ ಬರದ ಹುಡುಗನಿಗೆ ಕಲಿಸುವುದು. ಊರಿಗೆ ಮರಳಿದ ಬೆಲ್ 1797ರಲ್ಲಿ ಲಂಡನ್ನಿನಲ್ಲಿ ಈ ಪ್ರಯೋಗದ ವರದಿ ಅಚ್ಚು ಹಾಕಿಸಿದರು. ಇಂಗ್ಲೆಂಡಿನಲ್ಲಿ ಇದಕ್ಕೆ ಮದ್ರಾಸ್ ಪದ್ಧತಿ ಎಂದೇ ಹೆಸರಾಯಿತು. ಜೋಸೆಫ್ ಲ್ಯಾಂಕಾಸ್ಟರ್ ಎಂಬ ಕ್ವೇಕರ್ ಪಂಥದ ಶಿಕ್ಷಕ ಲಂಡನ್ನಿನ ಬಡಮಕ್ಕಳಿಗಾಗಿ ಇದೇ ಬಗೆಯ ಶಾಲೆ ನಡೆಸಿದ. ಸಂಬಳ ಕೊಟ್ಟು ಮೇಷ್ಟ್ರುಗಳನ್ನು ಇಡಲಾಗದ ಕಡೆ ದೊಡ್ಡ ಮಕ್ಕಳೇ ಮೇಷ್ಟ್ರುಗಳಾದರು.

ನಮ್ಮ ಐಗಳ ಮಠಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದವರ ಕಥೆಯನ್ನು ಹಿರಿಯರಿಂದ ಕೇಳಿದವರಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ. ಐಗಳು ಮಧ್ಯಾಹ್ನ ನಿದ್ದೆ ಹೊಡೆಯುವಾಗ ಮಗ್ಗಿ ಹೇಳಿಕೊಡುತ್ತಿದ್ದವನು ದೊಡ್ಡ ಹುಡುಗನೇ ಅಲ್ಲವೇ! ಪಾಶ್ಚಾತ್ಯರದು ಎಂದು ನಾವು ತಿಳಿದುಕೊಂಡಿರುವ ಈ ಪದ್ಧತಿಯ ಒಂದು ಎಳೆ ದಕ್ಷಿಣ ಭಾರತದ ಜಗಲಿಯಿಂದಲೇ ಹೋದದ್ದು ಎಂಬುದನ್ನು ಮಾತ್ರ ನೆನಪಿಟ್ಟುಕೊಂಡರೆ ಸಾಕು.

ಇನ್ನು ಭಾನುವಾರದ ಶಾಲೆ. ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕೆಯವನು 1780ರಲ್ಲಿ ಇದನ್ನು ಶುರುಮಾಡಿದಾಗ ಕಲಿಯಲು ಬಂದವರು ವಾರದ ಆರು ದಿನವೂ ದುಡಿಯುತ್ತಿದ್ದ ಮಕ್ಕಳು. ಓದು-ಬರಹ ಕಲಿಯಲು ಅವರಿಗೆ ಇದ್ದ ಬಿಡುವು ಭಾನುವಾರ ಒಂದೇ. ನಮ್ಮ ರಾತ್ರಿಶಾಲೆಯ ಹುಡುಗರ ಹಾಗೆಯೇ ಎನ್ನಬೇಕು. ಅವರಿಗೆ ರಾತ್ರಿ, ಇವರಿಗೆ ಭಾನುವಾರ.

ಮಕ್ಕಳನ್ನು ಊರಿನ ಹೊರಗೆ ಕರೆದುಕೊಂಡು ಹೋಗಿ ಡೇರೆಯಲ್ಲಿ ಇರಿಸುವ ಶಿಬಿರ ಅಮೆರಿಕದ್ದು. 1861ರಲ್ಲಿ, ಅಂತರ್ಯುದ್ಧ ಶುರುವಾದ ವರ್ಷ, ಕನೆಕ್ಟಿಕಟ್ ರಾಜ್ಯದ ಫ್ರೆಡರಿಕ್ ಗನ್ ಎಂಬ ಶಾಲಾ ಮುಖ್ಯಸ್ಥ ತನ್ನ ಹುಡುಗರನ್ನು ಸಮುದ್ರದ ದಂಡೆಗೆ ಕರೆದೊಯ್ದು ಡೇರೆ ಹಾಕಿಸಿದ್ದನ್ನು ಮೊದಲ ಶಿಬಿರ ಎನ್ನುತ್ತಾರೆ. ಅದು ಶಾಲೆಯದು. ಕ್ರೈಸ್ತ ಸಂಘಟನೆಯ ಶಿಬಿರ ಬಂದದ್ದು ವೈ.ಎಂ.ಸಿ.ಎ. ಮೂಲಕ. ಲಂಡನ್ನಿನ ಬಟ್ಟೆ ಅಂಗಡಿಯ ನೌಕರ ಜಾರ್ಜ್ ವಿಲಿಯಮ್ಸ್, ತನ್ನಂತೆಯೇ ಹಳ್ಳಿಯಿಂದ ಕೆಲಸಕ್ಕೆ ಬಂದು ದೊಡ್ಡ ಊರಿನಲ್ಲಿ ಒಂಟಿಯಾದ ಹುಡುಗರಿಗಾಗಿ 1844ರಲ್ಲಿ ಕಟ್ಟಿದ ಸಂಸ್ಥೆ ಅದು. ಅಂದರೆ ಅದೂ ಊರು ಬಿಟ್ಟವರ ಸಂಘವೇ. 1885ರಲ್ಲಿ ಸಮ್ನರ್ ಡಡ್ಲಿ ಎಂಬವರು ನ್ಯೂಯಾರ್ಕ್ ರಾಜ್ಯದ ಆರೆಂಜ್ ಸರೋವರದ ಬದಿಗೆ ಏಳು ಹುಡುಗರನ್ನು ಕರೆದುಕೊಂಡು ಹೋದರು. ಮೀನು ಹಿಡಿಯುವುದು, ಈಜು, ಪ್ರಾರ್ಥನೆ, ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದು. ಮುಂದೆ ಡಡ್ಲಿಯ ಹೆಸರಿನಲ್ಲೇ ನೆಲೆಗೊಂಡ ಆ ಶಿಬಿರ ಇಂದಿಗೂ ನಡೆಯುತ್ತಿದೆ. ನಿನಗಿಂತ ಮೊದಲು ಪಕ್ಕದವನು ಎಂಬುದು ಅದರ ಧ್ಯೇಯವಾಕ್ಯದ ತಾತ್ಪರ್ಯ.

ಊರೊಳಗಿನ ಬಡಮಕ್ಕಳ ಕಥೆ ಬೇರೆ. 1898ರಲ್ಲಿ ನ್ಯೂಯಾರ್ಕಿನ ಪೂರ್ವಭಾಗದ ಗಲ್ಲಿಗಳಲ್ಲಿ ರಜೆಯ ದಿನ ಅಲೆಯುತ್ತಿದ್ದ ಮಕ್ಕಳನ್ನು ಕಂಡು ಎಲೈಜಾ ಹಾಸ್ ಎಂಬ ಮಹಿಳೆ ಒಂದು ಬಿಯರ್ ಅಂಗಡಿಯ ಹಾಲನ್ನೇ ಬಾಡಿಗೆಗೆ ಹಿಡಿದು ಬೇಸಿಗೆಯ ಶಾಲೆ ನಡೆಸಿದರು. ಕೆಲವೇ ವರ್ಷದಲ್ಲಿ, 1901ರಿಂದ, ರಾಬರ್ಟ್ ಬೋವಿಲ್ ಎಂಬ ಬ್ಯಾಪ್ಟಿಸ್ಟ್ ಕಾರ್ಯಕರ್ತ ಅದನ್ನು ಒಂದು ಚಳವಳಿಯಾಗಿ ಬೆಳೆಸಿದರು. ಬೋವಿಲ್ ಅವರ ಲೆಕ್ಕಾಚಾರ ಬ್ಯಾಂಕಿನವನಾದ ನನಗೆ ಬಹಳ ಹಿಡಿಸಿತು. ಬೇಸಿಗೆಯಲ್ಲಿ ಚರ್ಚಿನ ಕಟ್ಟಡ ಖಾಲಿ, ಕಾಲೇಜಿನ ಹುಡುಗರು ಖಾಲಿ, ಬೀದಿಯ ಮಕ್ಕಳೂ ಖಾಲಿ. ಈ ಮೂರನ್ನೂ ಸೇರಿಸಿದರೆ ಶಾಲೆ ಆಯಿತು! ನಿಷ್ಕ್ರಿಯ ಖಾತೆಗಳನ್ನು ಒಟ್ಟುಗೂಡಿಸಿ ಸಾಲ ಕೊಟ್ಟ ಹಾಗೆ. ನಮ್ಮ ದೇಶದ ಚರ್ಚುಗಳಲ್ಲಿ ಇವತ್ತು ವಿ.ಬಿ.ಎಸ್. ಎಂದು ಎಲ್ಲರೂ ಕರೆಯುವ ರಜಾಕಾಲದ ಸತ್ಯವೇದ ಶಾಲೆಯ ಹುಟ್ಟು ಅದು. 1970ರ ಸುಮಾರಿಗೆ ಮಂಗಳೂರಿನಲ್ಲಿ ನಾನು ಚಡ್ಡಿ ಹಾಕಿಕೊಂಡು ಹೋಗುತ್ತಿದ್ದಾಗ ಅದಕ್ಕೆ ಇಂಥ ಪೂರ್ವಕಥೆ ಉಂಟು ಎಂದು ಯಾರೂ ಹೇಳಿರಲಿಲ್ಲ. ಕೊನೆಯ ದಿನ ಅವಲಕ್ಕಿ, ಬಾಳೆಹಣ್ಣು ಸಿಗುತ್ತದೆ ಎಂಬುದಷ್ಟೇ ನಮಗೆ ಗೊತ್ತಿದ್ದದ್ದು.

ಬರಿಯ ಸೇವೆಗೆಂದೇ ಹದಿಹರೆಯದವರ ತಂಡ ಕಟ್ಟಿದವರಲ್ಲಿ ಯಂಗ್ ಲೈಫ್ ಎಂಬ ಅಮೆರಿಕದ ಸಂಸ್ಥೆ ಹೆಸರಾದದ್ದು. ಜಿಮ್ ರೇಬರ್ನ್ ಎಂಬವರು 1941ರಲ್ಲಿ ಟೆಕ್ಸಾಸಿನಲ್ಲಿ ಸ್ಥಾಪಿಸಿದ್ದು. 1946ರಲ್ಲಿ ಕೊಲರಾಡೋ ಬೆಟ್ಟಗಳಲ್ಲಿ ಅವರಿಗೆ ಮೊದಲ ಶಿಬಿರದ ಜಾಗ ಸಿಕ್ಕಿತು. ಅಲ್ಲಿನ ಕೆಲಸದ ತಂಡಕ್ಕೆ ಸೇರುವ ಹೈಸ್ಕೂಲು ಮಕ್ಕಳು ಹಿಂದೊಮ್ಮೆ ಅದೇ ಶಿಬಿರಕ್ಕೆ ಅತಿಥಿಗಳಾಗಿ ಬಂದವರೇ ಹೆಚ್ಚು. ಬೇಸಿಗೆಯಲ್ಲಿ ಕೆಲವು ವಾರ ಸಂಬಳವಿಲ್ಲದೆ ಅಡುಗೆಮನೆ, ಪಾತ್ರೆ, ಬಟ್ಟೆ ಒಗೆತ, ಅಂಗಳ ಎಂದು ದುಡಿಯುತ್ತಾರೆ. ಹೋದ ವರ್ಷ ಯಾರೋ ಬಡಿಸಿದ್ದನ್ನು ಉಂಡವನು ಈ ವರ್ಷ ತಾನು ಬಡಿಸುತ್ತಾನೆ.

ಇದು ಚರ್ಚಿನವರ ಸೊತ್ತು ಮಾತ್ರ ಎಂದು ಯಾರೂ ತಿಳಿಯಬೇಕಾಗಿಲ್ಲ. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯನ್ನು ಕಾರ್ಯಕ್ಷೇತ್ರ ಮಾಡಿಕೊಂಡ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಾಕಿನಾಡ ಕಾಂಗ್ರೆಸ್ಸಿನ ಹೊತ್ತಿಗೆ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದರು. ಮರುವರ್ಷ, 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನದಲ್ಲಿ ಸ್ವಯಂಸೇವಕರ ಕೆಲಸಕ್ಕೆ ನಾಡೇ ತಲೆದೂಗಿತು. ಜಾತಿಗೊಂದು ಕೆಲಸ, ಕೆಲಸಕ್ಕೊಂದು ಜಾತಿ ಎಂದಿದ್ದ ದೇಶದಲ್ಲಿ ಓದಿದ ಹುಡುಗರು ಪೊರಕೆ ಹಿಡಿಯುವುದು ಸಣ್ಣ ಮಾತಾಗಿರಲಿಲ್ಲ.

ಜಾತಿಯ ಮಾತು ಬಂದ ಮೇಲೆ ಹೇಳಲೇಬೇಕು. ಮುಸುರೆ ಎಂಬ ಪದದಲ್ಲಿ ಇರುವುದು ಬರಿಯ ಕೊಳೆಯಲ್ಲ. ಯಾರ ಎಂಜಲು ಯಾರು ಮುಟ್ಟಬಹುದು ಎಂಬ ದೊಡ್ಡ ಲೆಕ್ಕ ಅದರ ಹಿಂದೆ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರಿಗೆ ಇದು ಬಹಳ ಬೇಗ ಅರಿವಾಯಿತು. ಮತಾಂತರವಾದವರಿಗೆ ಮನೆ, ಜಾತಿ, ಕಸುಬು ಮೂರೂ ತಪ್ಪಿಹೋಗುತ್ತಿದ್ದವು. ಅದಕ್ಕೇ ಅಚ್ಚುಕೂಟ, ನೇಯ್ಗೆ, 1865ರಲ್ಲಿ ಹಂಚಿನ ಕಾರ್ಖಾನೆ ಎಲ್ಲ ಬಂದವು. ಬೇರೆ ಬೇರೆ ಮೂಲದವರು ಒಂದೇ ಜೇಡಿಮಣ್ಣು ತುಳಿದರು. ಹಾಗೆಂದು ಮಣ್ಣು ತುಳಿದ ಕೂಡಲೇ ಜಾತಿ ಹೋಗಲಿಲ್ಲ. ಮದುವೆಯ ಮಾತು ಬಂದಾಗ ಅದು ಹಿಂಬಾಗಿಲಿನಿಂದ ಬರುತ್ತಿತ್ತು ಎಂಬುದು ನಮ್ಮ ಹಿರಿಯರಿಗೆಲ್ಲ ಗೊತ್ತು. ಆದರೆ ಕೈಕೆಲಸ ಕೀಳಲ್ಲ ಎಂಬ ಪಾಠ ನಮ್ಮ ಮನೆಗಳಿಗೆ ಬಂದದ್ದು ಆ ಕಾರ್ಖಾನೆಗಳಿಂದಲೇ.

ಹಾಗಾದರೆ ಕ್ಯಾಂಟೀನಿನ ಆ ಯಜಮಾನರಿಗೆ ಏನು ಉತ್ತರ? ಹೋಟೆಲಿನಲ್ಲಿ ತೊಳೆದ ತಟ್ಟೆಗೂ ಶಿಬಿರದಲ್ಲಿ ತೊಳೆದ ತಟ್ಟೆಗೂ ಏನು ವ್ಯತ್ಯಾಸ? ಸಂಬಳ ಇಲ್ಲದಿರುವುದೇ ವ್ಯತ್ಯಾಸ ಎಂದರೆ ಅದು ಇನ್ನೂ ಅನ್ಯಾಯ. ಹೋಟೆಲಿನ ಹುಡುಗನಿಗೆ ಕಡೇ ಪಕ್ಷ ಸಂಬಳವಾದರೂ ಇತ್ತು!

ಕಾನೂನು ಈ ವಿಷಯದಲ್ಲಿ ನಿಧಾನವಾಗಿಯೇ ಬಂತು. ಬಾಲಕಾರ್ಮಿಕ ಕಾಯಿದೆ ಆದದ್ದು 1986ರಲ್ಲಿ. ಹೋಟೆಲು, ಢಾಬಾ ಮತ್ತು ಮನೆಗೆಲಸಕ್ಕೆ ಹದಿನಾಲ್ಕರ ಒಳಗಿನ ಮಕ್ಕಳನ್ನು ಇಡಬಾರದೆಂದು ಅದಕ್ಕೆ ಸೇರಿಸಿದ್ದು 2006ರ ಅಕ್ಟೋಬರಿನಲ್ಲಿ. ಹದಿನಾಲ್ಕರೊಳಗೆ ದುಡಿಮೆಗೇ ಹಾಕಬಾರದು, ಹದಿನೆಂಟರೊಳಗೆ ಅಪಾಯದ ಕೆಲಸ ಕೊಡಬಾರದು ಎಂದಾದದ್ದು 2016ರ ತಿದ್ದುಪಡಿಯಿಂದ. ಮನೆಯವರ ಕಸುಬಿನಲ್ಲಿ ಶಾಲೆಯ ಸಮಯದ ನಂತರ ಕೈಜೋಡಿಸುವಂಥ ಕೆಲವು ವಿನಾಯಿತಿ ಮಾತ್ರ ಉಳಿದಿವೆ. ಅಂದರೆ ನಮ್ಮ ಯಜಮಾನರು ಮುಸುರೆ ತಿಕ್ಕಿದ ಕಾಲಕ್ಕೆ ಅವರ ಬಾಲ್ಯದ ಪರವಾಗಿ ಹೋಟೆಲಿನ ಹಿತ್ತಲಿಗೆ ಯಾವ ಕಾನೂನೂ ಬಂದು ನಿಲ್ಲಲಿಲ್ಲ. ಅವರ ಸಿಟ್ಟಿಗೆ ನ್ಯಾಯವಿದೆ.

ಇಪ್ಪತ್ತು ವರ್ಷ ಶಿಬಿರದ ಹಿತ್ತಲಲ್ಲಿ ನಿಂತು ನೋಡಿದ ಮೇಲೆ ನನಗೆ ಕಂಡ ವ್ಯತ್ಯಾಸ ಮೂರು. ಮೊದಲನೆಯದು ಸರದಿ. ಇವತ್ತು ಪಾತ್ರೆ ತೊಳೆದವನು ನಾಳೆ ಹಾಡು ಹೇಳಿಕೊಡುತ್ತಾನೆ, ನಾಡಿದ್ದು ಆಟ ಆಡಿಸುತ್ತಾನೆ. ಹೋಟೆಲಿನಲ್ಲಿ ಸರದಿ ಇಲ್ಲ. ಮೋರಿಯ ಹುಡುಗ ಮೋರಿಯ ಹುಡುಗನೇ. ಎರಡನೆಯದು, ದೊಡ್ಡವರು ಆ ಸರದಿಯಲ್ಲಿ ಇರುವುದು. ನಮ್ಮ ಪಾಲಕರು, ಅಂದರೆ ಪಾಸ್ಟರು, ಪ್ಯಾಂಟು ಮಡಿಸಿ ಕುಕ್ಕರಗಾಲಿನಲ್ಲಿ ಕುಳಿತು ದೊಡ್ಡ ಕೊಳಗ ತಿಕ್ಕುತ್ತಿದ್ದರು. ಖಜಾಂಚಿಯಾದ ನನ್ನದೂ ದಿನಕ್ಕೊಂದು ಪಾಳಿ. ಗುರು ಶಿಷ್ಯರ ಕಾಲು ತೊಳೆದ ಕಥೆಯನ್ನು ಬೆಳಿಗ್ಗೆ ಹೇಳಿ, ಮಧ್ಯಾಹ್ನ ಮಕ್ಕಳನ್ನು ಮೋರಿಗೆ ಕಳಿಸಿ ದೊಡ್ಡವರು ಫ್ಯಾನಿನ ಕೆಳಗೆ ಕುಳಿತರೆ ಆ ಕಥೆಗೆ ಬೆಲೆ ಇರುವುದಿಲ್ಲ. ಮೂರನೆಯದು, ಬೇಡ ಎನ್ನುವ ಸ್ವಾತಂತ್ರ್ಯ. ಬೇಡ ಎಂದ ಮಗುವನ್ನು ಯಾರೂ ಹೀಗಳೆಯಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಸೇವೆ ಎಂಬುದು ಪುಕ್ಕಟೆ ಕೂಲಿಯಾಗುತ್ತದೆ.

ತಪ್ಪಿದ್ದೂ ಇದೆ. ನಾನು ಬಂದ ಹೊಸದರಲ್ಲಿ ನಮ್ಮಲ್ಲೂ ಹುಡುಗಿಯರೆಲ್ಲ ಅಡುಗೆಮನೆಗೆ, ಹುಡುಗರೆಲ್ಲ ಮೈಕು-ಗಿಟಾರಿಗೆ ಎಂಬ ಹಂಚಿಕೆ ಯಾರೂ ಹೇಳದೆಯೇ ನಡೆಯುತ್ತಿತ್ತು. ಒಂದು ವರ್ಷ ಹನ್ನೊಂದನೆಯ ಕ್ಲಾಸಿನ ಒಬ್ಬಳು ಹುಡುಗಿ ರಾತ್ರಿಯ ಮೀಟಿಂಗಿನಲ್ಲಿ ಎದ್ದು, "ಅಂಕಲ್, ಈರುಳ್ಳಿ ಹೆಚ್ಚಿದರೆ ಹುಡುಗರಿಗೆ ಕಣ್ಣಲ್ಲಿ ನೀರು ಬರುವುದಿಲ್ಲವಾ?" ಎಂದು ಕೇಳಿದಳು. ಮರುದಿನದಿಂದ ಪಟ್ಟಿ ಬದಲಾಯಿತು.

ಲೆಕ್ಕದ ಮಾತನ್ನೂ ಹೇಳುತ್ತೇನೆ. ಒಂದು ಸಲ ಕುತೂಹಲಕ್ಕೆ ಕೂತು ಗುಣಿಸಿ ನೋಡಿದೆ. ಬಡಿಸಲು, ತೊಳೆಯಲು, ಕಾವಲಿಗೆ ಕೂಲಿಯವರನ್ನು ಇಟ್ಟರೆ ಪ್ರತಿ ಮಗುವಿನ ಶುಲ್ಕ ಒಂದೂವರೆ ಪಟ್ಟು ಆಗುತ್ತಿತ್ತು. ಆಗ ಮೊದಲು ಹೆಸರು ಹಿಂದೆ ತೆಗೆದುಕೊಳ್ಳುವವರು ಯಾರು? ಮನೆಗೆಲಸದ ಅಮ್ಮಂದಿರ ಮಕ್ಕಳು, ವಾಚ್‌ಮನ್ನರ ಮಕ್ಕಳು. ಹದಿನೈದು ಅಣ್ಣ-ಅಕ್ಕಂದಿರ ಐದು ದಿನದ ದುಡಿಮೆ ನನ್ನ ಯಾವ ಪುಸ್ತಕದಲ್ಲೂ ಜಮೆಯಾಗಲಿಲ್ಲ. ಆದರೆ ಆ ಮಕ್ಕಳು ಘಟ್ಟ ಹತ್ತಿದ್ದು ಅದರ ಬಲದ ಮೇಲೆಯೇ.

ಇನ್ನು ಭಾಷೆ. ಈ ಪುಸ್ತಕದ ಓದುಗರಿಗೆ ಇದೇ ಮುಖ್ಯವಾದೀತು. ಹೊರನಾಡಿನ ನಮ್ಮ ಮಕ್ಕಳು ಎಂಟು-ಹತ್ತು ವರ್ಷದವರೆಗೆ ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ. ಹದಿಮೂರು-ಹದಿನಾಲ್ಕಕ್ಕೆ ಬಂದರೆ ಮಾತು ಹಿಂದಿ, ಇಂಗ್ಲಿಷಿಗೆ ಹೊರಳುತ್ತದೆ. ಅಪ್ಪ-ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಮುಂಬೈ ನಗರಪಾಲಿಕೆಯ ಕನ್ನಡ ಶಾಲೆಗಳು ಮಕ್ಕಳಿಲ್ಲದೆ ಸೊರಗುತ್ತ ಬಂದದ್ದನ್ನು ನಾವೆಲ್ಲ ಕಂಡಿದ್ದೇವೆ. ಇಂಥ ವಯಸ್ಸಿನ ಮಕ್ಕಳಿಗೆ ಕನ್ನಡ ಕಲಿಯಿರಿ ಎಂದು ಭಾಷಣ ಮಾಡಿದರೆ ಅವರು ಆಕಳಿಸುತ್ತಾರೆ. ಆದರೆ ಶಿಬಿರದಲ್ಲಿ ಅಡುಗೆಯ ಉಸ್ತುವಾರಿ ಹುಬ್ಬಳ್ಳಿ ಕಡೆಯ ಆಂಟಿಯೊಬ್ಬರದು. ಅವರು, "ಏ ತಂಗಿ, ಆ ಸೌಟು ತಗೊಂಬಾ, ಕೊಳಗದ ಮುಚ್ಚಳ ತೆಗಿ," ಎಂದರೆ ಸೌಟು ಯಾವುದು, ಕೊಳಗ ಯಾವುದು ಎಂದು ತಿಳಿಯಲೇಬೇಕು. ಎಂಟು ವರ್ಷದ ಮಗು ತಟ್ಟೆ ಮುಂದಿಟ್ಟುಕೊಂಡು ಅಳುವಾಗ ಅದರ ಭಾಷೆಯಲ್ಲೇ ಸಮಾಧಾನ ಹೇಳಬೇಕು. ಹಾಡಿನ ಸಾಲುಗಳನ್ನು ಚಾರ್ಟ್ ಪೇಪರಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುವ ಕೆಲಸವೂ ಇವರದೇ. ಒತ್ತಕ್ಷರ ತಪ್ಪಿದರೆ ನಗುವವರು ಇದ್ದಾರೆ, ತಿದ್ದುವವರೂ ಇದ್ದಾರೆ. ಎಗ್ಮೋರಿನಲ್ಲಿ ಬೆಲ್ ಕಂಡದ್ದೂ ಇದನ್ನೇ: ಕಲಿಸುವ ಜವಾಬ್ದಾರಿ ಬಿದ್ದವನು ತಾನೇ ಹೆಚ್ಚು ಕಲಿಯುತ್ತಾನೆ.

ಅಣ್ಣ, ಅಕ್ಕ ಎಂದು ಕರೆಸಿಕೊಳ್ಳುವುದೂ ಸಣ್ಣ ವಿಷಯವಲ್ಲ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒ‌ಂದೇ ಮಗುವಾಗಿ ಬೆಳೆದ ಹುಡುಗನಿಗೆ ಅರವತ್ತು ಮಕ್ಕಳು ಅಣ್ಣಾ ಎಂದು ಕೂಗುವುದು ಎಂಥ ಪದವಿ! ಊರಿನ ದೊಡ್ಡ ಮನೆಯಲ್ಲಿ ತಾನಾಗಿಯೇ ಸಿಗುತ್ತಿದ್ದ ಈ ಸಂಬಂಧವನ್ನು ಹೊರನಾಡಿನಲ್ಲಿ ಹೀಗೆ ಕಟ್ಟಿಕೊಳ್ಳಬೇಕಾಗುತ್ತದೆ.

ಆ ಕ್ಯಾಂಟೀನಿನ ಯಜಮಾನರು ಕೊನೆಯ ತನಕ ಒಪ್ಪಲಿಲ್ಲ. ಅವರ ಮಗ ಬರಲಿಲ್ಲ. ಪ್ರತಿವರ್ಷ ಶಿಬಿರಕ್ಕೆ ಒಂದು ಮೂಟೆ ಅಕ್ಕಿ ಮಾತ್ರ ತಪ್ಪದೆ ಕಳಿಸುತ್ತಿದ್ದರು. ನಾಲ್ಕು ವರ್ಷದ ಮೇಲೆ ಅವರ ಮಗಳು ತಾನಾಗಿಯೇ ಹೆಸರು ಕೊಟ್ಟಳು. ಅಪ್ಪನಿಗೆ ಏನು ಹೇಳಿ ಒಪ್ಪಿಸಿದಳೋ ಗೊತ್ತಿಲ್ಲ. ಮೂರು ಬೇಸಿಗೆ ಬಂದಳು, ಚೆನ್ನಾಗಿ ಕೆಲಸ ಮಾಡಿದಳು.

ಈಗ ಪರಿಸ್ಥಿತಿ ಬೇರೆಯಾಗಿದೆ. ಹತ್ತನೆಯ ಕ್ಲಾಸಿಗೆ ಕಾಲಿಟ್ಟ ಮಗುವಿಗೆ ಮೇ ತಿಂಗಳು ಎಂದರೆ ಕೋಚಿಂಗ್ ಕ್ಲಾಸು. 2020 ಮತ್ತು 2021ರಲ್ಲಿ ಕೊರೋನಾದಿಂದ ನಮ್ಮ ಶಿಬಿರವೇ ನಡೆಯಲಿಲ್ಲ. ಮತ್ತೆ ಶುರುವಾದಾಗ ಐದು ದಿನ ಹೋಗಿ ಮೂರು ದಿನವಾಯಿತು, ಘಟ್ಟ ಹೋಗಿ ಚರ್ಚಿನ ಹಾಲು ಆಯಿತು, ಊಟಕ್ಕೆ ಕೇಟರಿಂಗ್‌ನವರು ಬಂದರು. ಕಾಗದದ ತಟ್ಟೆ, ತೊಳೆಯುವ ಮಾತೇ ಇಲ್ಲ. 2012ರಲ್ಲಿ ಪೋಕ್ಸೊ ಕಾಯಿದೆ ಬಂದ ಮೇಲೆ ಮಕ್ಕಳ ಸುರಕ್ಷತೆಯ ಬಗ್ಗೆ ಜನ ಹೆಚ್ಚು ಜಾಗರೂಕರಾಗಿದ್ದಾರೆ. ರಾತ್ರಿಯ ಪಾಳಿಗೆ ಹದಿಹರೆಯದವರನ್ನೇ ಬಿಡದೆ ಇಬ್ಬರು ದೊಡ್ಡವರು ಇರಬೇಕು ಎಂಬುದು ಈಗ ನಮ್ಮ ನಿಯಮ. ಇದು ಒಳ್ಳೆಯದೇ, ಹಿಂದೆಯೇ ಆಗಬೇಕಿತ್ತು. ಕೇಟರಿಂಗಿನ ಬಗ್ಗೆ ಮಾತ್ರ ನನಗೆ ಸಮಾಧಾನವಿಲ್ಲ. ಖರ್ಚು ಹೆಚ್ಚಾಯಿತು ಎಂಬುದಕ್ಕಿಂತ, ಎಂಟು ವರ್ಷದ ಅತಿಥಿಗೂ ನಲವತ್ತು ವರ್ಷದ ಸಮಿತಿ ಸದಸ್ಯನಿಗೂ ನಡುವೆ ಇದ್ದ ಮೆಟ್ಟಿಲು ಹೋಯಿತು. ಹದಿಮೂರು ವರ್ಷದವರೆಗೆ ಬಂದ ಮಗುವಿಗೆ ಆಮೇಲೆ ಮಾಡುವುದಕ್ಕೆ ಕೆಲಸವೇ ಇಲ್ಲ, ಬರುವುದಕ್ಕೆ ಕಾರಣವೂ ಇಲ್ಲ. ಹಾಗೆ ಹೋದವರು ಮತ್ತೆ ಕಾಣಿಸುವುದು ಮದುವೆಯ ಸರ್ಟಿಫಿಕೇಟು ಬೇಕಾದಾಗ.

ನಮ್ಮ ಸಭೆಯ ಸಮಿತಿಗೆ ನಾನು ಬರೆದುಕೊಟ್ಟದ್ದು ಇಷ್ಟೇ. ಅಡುಗೆ ಬೇಕಾದರೆ ಕೇಟರಿಂಗ್‌ನವರು ಮಾಡಲಿ, ಬಡಿಸುವುದು ನಮ್ಮ ಮಕ್ಕಳೇ ಆಗಲಿ. ಕಾಗದದ ತಟ್ಟೆ ಬಿಟ್ಟು ಸ್ಟೀಲಿನ ತಟ್ಟೆ ತರಿಸೋಣ. ತೊಳೆಯಲು ಸರದಿ ಇರಲಿ, ಸರದಿಯ ಮೊದಲ ಎರಡು ಹೆಸರು ಪಾಲಕರದು ಮತ್ತು ಖಜಾಂಚಿಯದು ಇರಲಿ. ಹುಡುಗ-ಹುಡುಗಿಯರ ಕೆಲಸದಲ್ಲಿ ಭೇದ ಬೇಡ. ಪರೀಕ್ಷೆಯ ವರ್ಷದವರನ್ನು ಒತ್ತಾಯಿಸುವುದು ಬೇಡ. ಮೋರಿಯ ಹತ್ತಿರ ಕನ್ನಡದಲ್ಲೇ ಮಾತು.

ಪುಣೆ, ಹೈದರಾಬಾದು, ದೆಹಲಿಯ ಕನ್ನಡ ಸಂಘಗಳಲ್ಲೂ ಗಣೇಶೋತ್ಸವ, ದಸರಾ, ರಾಜ್ಯೋತ್ಸವದ ಊಟಗಳು ನಡೆಯುತ್ತವೆ. ಅಲ್ಲೂ ಹದಿನಾಲ್ಕು-ಹದಿನೈದರ ಮಕ್ಕಳು ಮೂಲೆಯಲ್ಲಿ ಕುಳಿತು ಮೊಬೈಲು ನೋಡುತ್ತಿರುತ್ತಾರೆ. ಅವರನ್ನು ವೇದಿಕೆಗೆ ಹತ್ತಿಸಿ ಬಹುಮಾನ ಕೊಡುವುದು ಒಳ್ಳೆಯದೇ. ಅದರ ಜೊತೆಗೆ ಒಂದು ಪಂಕ್ತಿಗೆ ಸಾರು ಬಡಿಸಲು ಹೇಳಿ ನೋಡಿ, ಪಕ್ಕದಲ್ಲಿ ನೀವೂ ಪಲ್ಯದ ಬಟ್ಟಲು ಹಿಡಿದು ನಿಲ್ಲಿ. "ಇನ್ನು ಸ್ವಲ್ಪ ಹಾಕಲಾ ಅಜ್ಜಿ?" ಎಂದು ಕೇಳುವಷ್ಟು ಕನ್ನಡ ಅವರಿಗೆ ಅಲ್ಲಿಯೇ ಬರುತ್ತದೆ.